ಎಷ್ಟು ಜನ ಬರಲಿ ಎಂದು ಊರನ್ನು ಕೇಳಿ

ಕನ್ನಂಬಾಡಿ ತುಂಬಿತೆಂಬ ಸುದ್ದಿ ಬಂದ ವಾರದಿಂದ ಈ ಅಂಕಣಕ್ಕೆ ಒಂದೇ ಪ್ರಶ್ನೆ ಹೊತ್ತ ಪತ್ರಗಳು ಬರತೊಡಗುತ್ತವೆ. ‘ನಾವು ಎಂಟು ಹತ್ತು ಜನ ಇದ್ದೇವೆ. ಶಿವನಸಮುದ್ರ, ಮುತ್ತತ್ತಿ, ಕೊಕ್ಕರೆ ಬೆಳ್ಳೂರು ನೋಡಬೇಕು. ಗಲಾಟೆ ಮಾಡುವವರಲ್ಲ, ಕಸ ಎಸೆಯುವವರಲ್ಲ. ಊರಿನವರಿಗೆ ತೊಂದರೆಯಾಗದ ಹಾಗೆ ಹೋಗಿಬರುವುದು ಹೇಗೆ?’ ಕೇಳುವವರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿದ್ದಾರೆ, ಮೈಸೂರಿನ ನಿವೃತ್ತ ಮೇಷ್ಟ್ರುಗಳಿದ್ದಾರೆ, ನಮ್ಮ ಮಂಡ್ಯದ ಬ್ಯಾಂಕಿನ ಹೆಣ್ಣುಮಕ್ಕಳಿದ್ದಾರೆ. ಈಚೆಗೆ ಒಬ್ಬ ಓದುಗರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಅವರ ಮಗಳು ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪಕ್ಕೆ ಹತ್ತು ಜನರ ಗುಂಪಿನಲ್ಲಿ ಹೋಗಿದ್ದರಂತೆ. ದಾರಿ ತೋರಿಸಿದವನು ಅಲ್ಲಿಯವನೇ, ಮಧ್ಯಾಹ್ನದ ಊಟ ಹಳ್ಳಿಯ ಮನೆಯಲ್ಲಿ. ‘ದ್ವೀಪ ನಮ್ಮಲ್ಲೂ ಇದೆಯಲ್ಲ, ಮಳವಳ್ಳಿಯ ಪಕ್ಕದಲ್ಲೇ ಇದೆ. ಇಲ್ಲಿ ಯಾಕೆ ಹಾಗಾಗುವುದಿಲ್ಲ?’ ಎಂದು ಅವರು ಕೇಳಿದ್ದಾರೆ.

ಆಗುತ್ತದೆ. ಆದರೆ ಲೆಕ್ಕವನ್ನು ಎಲ್ಲಿಂದ ಶುರುಮಾಡುತ್ತೇವೆ ಎಂಬುದನ್ನು ಮೊದಲು ಬದಲಾಯಿಸಿಕೊಳ್ಳಬೇಕು. ಈಗ ನಮ್ಮ ಗುಂಪಿನ ಗಾತ್ರ ನಿಶ್ಚಯವಾಗುವುದು ಗಾಡಿಯ ಸೀಟಿನ ಮೇಲೆ. ಟೆಂಪೋ ಟ್ರಾವೆಲರ್‌ನಲ್ಲಿ ಹನ್ನೆರಡು ಸೀಟಿದ್ದರೆ ಹನ್ನೆರಡು ಜನ, ಮಿನಿ ಬಸ್ ಸಿಕ್ಕರೆ ಇಪ್ಪತ್ತೈದು. ತಲಾ ಖರ್ಚು ಕಡಿಮೆಯಾಗಲಿ ಎಂದು ಕೊನೆಯ ಗಳಿಗೆಯಲ್ಲಿ ಇಬ್ಬರನ್ನು ಸೇರಿಸಿಕೊಳ್ಳುತ್ತೇವೆ. ಹೋಗಿ ನಿಲ್ಲುವ ಜಾಗಕ್ಕೆ ಎಷ್ಟು ಜನರನ್ನು ತಡೆದುಕೊಳ್ಳುವ ಶಕ್ತಿ ಇದೆ ಎಂದು ಯಾರೂ ಕೇಳುವುದಿಲ್ಲ. ಹಳ್ಳಿಯ ಒಂದು ಮನೆಯ ಒಲೆಯಲ್ಲಿ ಎಷ್ಟು ಮುದ್ದೆ ಬೇಯುತ್ತದೆ, ಒಂದು ಹರಿಗೋಲಿನಲ್ಲಿ ಎಷ್ಟು ಜನ ಕೂರಬಹುದು, ಜಾರುವ ಬಂಡೆಯ ಮೇಲೆ ಒಬ್ಬ ಮನುಷ್ಯ ಎಷ್ಟು ಜನರ ಮೇಲೆ ಕಣ್ಣಿಡಬಲ್ಲ, ಗೂಡು ಕಟ್ಟಿದ ಹುಣಸೆಮರದ ಕೆಳಗೆ ಎಷ್ಟು ಜನ ನಿಂತರೆ ಹಕ್ಕಿ ಬೆದರುವುದಿಲ್ಲ. ಗುಂಪು ಎಷ್ಟು ದೊಡ್ಡದಿರಬೇಕೆಂದು ಹೇಳಬೇಕಾದವು ಇವು. ಈ ಭಾಗದಲ್ಲಿ ಗೆಳೆಯರನ್ನೂ ನೆಂಟರನ್ನೂ ಕರೆದುಕೊಂಡು ತಿರುಗಿದ ಅನುಭವದಿಂದ ಹೇಳುವುದಾದರೆ, ಎಲ್ಲವೂ ಹೆಚ್ಚೂಕಡಿಮೆ ಒಂದೇ ಉತ್ತರ ಕೊಡುತ್ತವೆ: ಎಂಟರಿಂದ ಹನ್ನೆರಡು.

ಕೊಕ್ಕರೆ ಬೆಳ್ಳೂರಿನಿಂದ ಶುರುಮಾಡೋಣ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರು ಸಿಗುವ ಮುನ್ನ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿ.ಮೀ. ಮದ್ದೂರು ತಾಲ್ಲೂಕಿನ, ಶಿಂಷಾ ನದಿಯ ಬಳಿಯ ಊರು. ಇದು ಪಕ್ಷಿಧಾಮವಲ್ಲ ಎಂಬುದನ್ನು ಬರುವವರು ಗಟ್ಟಿಯಾಗಿ ನೆನಪಿಡಬೇಕು. ಬೇಲಿ ಇಲ್ಲ, ಗೇಟಿಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಜನರ ಹಿತ್ತಿಲ ಹುಣಸೆಮರದಲ್ಲಿ, ಬೀದಿಯ ಅರಳಿ, ಬೇವಿನ ಮರಗಳಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಹುಡುಗರು ಆಡುತ್ತಿರುತ್ತಾರೆ, ಮೇಲೆ ಮರಿಗಳು ಕಿರುಚುತ್ತಿರುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಕಡೆ ಹೊರಗಿನ ಜಗತ್ತಿನ ಗಮನ ಸೆಳೆದರು. ಊರಿನವರಿಗಂತೂ ಅದು ಹೊಸ ಸುದ್ದಿಯಾಗಿರಲಿಲ್ಲ, ತಲೆಮಾರುಗಳಿಂದ ಹಕ್ಕಿಗಳ ಜೊತೆಯೇ ಬದುಕಿದ್ದರು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಅಲ್ಲಿ ಹಕ್ಕಿಗಳನ್ನು ಕರೆಯುವುದು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅಂದರೆ ಕಾಪಾಡುವ ಹೊಣೆಯೂ ಹೆಮ್ಮೆಯೂ ಊರಿನದೇ.

ಹೆಮ್ಮೆಗೆ ಬೆಲೆಯೂ ತೆರಬೇಕಾಗುತ್ತದೆ. ಮರದಲ್ಲಿ ಗೂಡಿದ್ದರೆ ಹುಣಸೆಹಣ್ಣು ಬಡಿಯುವಂತಿಲ್ಲ. ಹುಣಸೆ ಬಡಿಯುವ ಕಾಲವೂ ಮರಿಗಳು ಬೆಳೆಯುವ ಕಾಲವೂ ಒಂದೇ. ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುತ್ತದೆ. ಅದು ಹಣ್ಣಿನ ಬೆಲೆಗೆ ಸಮವಲ್ಲ ಎಂದು ಮರದ ಮಾಲೀಕರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಹಿಕ್ಕೆ ಒಳ್ಳೆಯ ಗೊಬ್ಬರ, ಮರದ ಬುಡದಿಂದ ಅದನ್ನು ಬಳಿದು ಹೊಲಕ್ಕೆ ಹಾಕುತ್ತಾರೆ. ಊರಿಗೆ ಹಕ್ಕಿಗಳಿಂದ ನೇರವಾಗಿ ದಕ್ಕುವ ಲಾಭ ಅದೊಂದು. ಉಳಿದಂತೆ ವಾಸನೆ, ಬೆಳಗಿನ ಜಾವದಿಂದ ಗದ್ದಲ, ಅಂಗಳದಲ್ಲಿ ಬಿದ್ದ ಮೀನಿನ ತುಣುಕು, ಎಲ್ಲವನ್ನೂ ಸಹಿಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸವನ್ನು ಊರಿನ ಯುವಕರ ‘ಹೆಜ್ಜಾರ್ಲೆ ಬಳಗ’ 1990ರ ದಶಕದಿಂದ ಮಾಡಿಕೊಂಡು ಬಂದಿದೆ. ಅದರ ಹಿಂದೆ ಮೈಸೂರಿನ ಪ್ರಕೃತಿಪ್ರಿಯ ಕೆ. ಮನು ಅವರ ಬಹುಕಾಲದ ದುಡಿಮೆ ಇದೆ. ಈ ಹಕ್ಕಿಗಳು ಮೀನಿಗೆ ಹೋಗುವುದು ಮದ್ದೂರು ಕೆರೆ, ಸೂಳೆಕೆರೆಯಂಥ ಸುತ್ತಲಿನ ನೀರುಗಳಿಗೆ. 2017ರ ಕೊನೆಯಿಂದ 2018ರವರೆಗೆ ಹತ್ತಾರು ಹೆಜ್ಜಾರ್ಲೆಗಳು ಹೊಟ್ಟೆಯಲ್ಲಿ ಜಂತುಹುಳು ತುಂಬಿ ಸತ್ತಾಗ ಕೆರೆಗಳ ನೀರು ಎಂಥ ಸ್ಥಿತಿಗೆ ಬಂದಿದೆ ಎಂಬ ಪ್ರಶ್ನೆ ಎದ್ದಿತ್ತು. ಬೆಳ್ಳೂರನ್ನು ನೋಡುವುದೆಂದರೆ ಆ ಕೆರೆಗಳನ್ನೂ ಸೇರಿಸಿ ನೋಡುವುದು ಎಂದು ನಾನು ಭಾವಿಸುತ್ತೇನೆ. ಆದರೆ ಅಲ್ಲಿಗೆ ಯಾರೂ ಹೋಗುವುದಿಲ್ಲ.

ಅಂಥ ಊರಿಗೆ ಭಾನುವಾರ ಬೆಳಗ್ಗೆ ಕಾರುಗಳ ಸಾಲು ಬಂದರೆ ಏನಾಗುತ್ತದೆ? ಹಿತ್ತಿಲಲ್ಲಿ ಮೂರು ಗೂಡಿನ ಮರವಿರುವ ಮನೆಯ ಅಜ್ಜಿಯೊಬ್ಬರು ನನಗೆ ಹೇಳಿದ್ದು ಇಷ್ಟೆ: ‘ಕ್ವಾಪ ಏನಿಲ್ಲ ಕಣಪ್ಪ, ನೋಡ್ಲಿ ಬುಡಿ. ಆದ್ರೆ ಕಾರ ತಂದು ಬಾಗ್ಲಿಗೇ ನಿಲ್ಲುಸ್ಬುಡ್ತಾರೆ. ದನ ಆಚೆಗೆ ಬುಡಕ್ಕೂ ಜಾಗ ಇರಾಕಿಲ್ಲ. ಒಂದ್ ಮಾತ ಕೇಳಾಕಿಲ್ಲ, ಹಂಗೇ ಹಿತ್ಲಿಗೆ ನುಗ್ತಾರೆ.’ ಅವರಿಗೆ ಬೇಕಾಗಿದ್ದು ದುಡ್ಡಿಗಿಂತ ಮೊದಲು ಆ ಒಂದು ಮಾತು. ಹತ್ತು ಜನರ ಗುಂಪಾದರೆ ಅದು ಸಾಧ್ಯ. ಗಾಡಿಯನ್ನು ಊರ ಮುಂದೆಯೇ ಬಿಟ್ಟು ನಡೆದು ಬರಬಹುದು, ‘ಅವ್ವಾ, ಹಿತ್ತಿಲಿಗೆ ಬರಬಹುದಾ’ ಎಂದು ಕೇಳಬಹುದು, ಐದೈದು ಜನರಾಗಿ ಒಂದು ಮರದ ಕೆಳಗೆ ಹತ್ತು ನಿಮಿಷ ನಿಂತು ಹೊರಡಬಹುದು. ನಲವತ್ತು ಜನರಿಗೆ ಯಾವ ಅಜ್ಜಿ ಹಿತ್ತಿಲ ಬಾಗಿಲು ತೆಗೆದಾಳು? ಡ್ರೋನ್ ಹಾರಿಸುವವರಿಗೆ ಬೇರೆಯಾಗಿ ಹೇಳುತ್ತೇನೆ, ದಯವಿಟ್ಟು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಾಯಿ ಹಕ್ಕಿ ಬೆದರಿ ಗೂಡು ಬಿಟ್ಟೆದ್ದರೆ ಬಿಸಿಲಿಗೆ ಬಿದ್ದ ಮೊಟ್ಟೆಯೂ ಮರಿಯೂ ಉಳಿಯುವುದಿಲ್ಲ.

ಪತ್ರ ಬರೆದವರಲ್ಲಿ ಬಹುಪಾಲು ಜನ ಶಿವನಸಮುದ್ರವನ್ನೂ ಬೆಳ್ಳೂರನ್ನೂ ಒಂದೇ ದಿನದಲ್ಲಿ ಮುಗಿಸುವ ಯೋಚನೆಯಲ್ಲಿದ್ದಾರೆ. ರಸ್ತೆಯ ನಕ್ಷೆಯಲ್ಲಿ ಅದು ಸರಿಯಾಗಿಯೇ ಕಾಣುತ್ತದೆ. ಕಾಲದ ನಕ್ಷೆಯಲ್ಲಿ ಸರಿಬರುವುದಿಲ್ಲ. ಕಾವೇರಿ ಮೈದುಂಬಿ ಧುಮುಕುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಹೆಜ್ಜಾರ್ಲೆಗಳು ಊರಿಗೆ ಬರತೊಡಗುವುದು ನವೆಂಬರ್–ಡಿಸೆಂಬರ್‌ನಲ್ಲಿ, ಮರಿ ಮಾಡಿಕೊಂಡು ಹೊರಡುವುದು ಮೇ–ಜೂನ್ ಹೊತ್ತಿಗೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಖಾಲಿ ಮರವನ್ನೋ ಒಣಗಿದ ಬಂಡೆಯನ್ನೋ ನೋಡಿ ಬರಬೇಕಾಗುತ್ತದೆ. ಎರಡು ಸಲ ಬನ್ನಿ. ಅವಸರದಲ್ಲಿ ಬಂದವರು ಊಟಕ್ಕೆ ಕೂರುವುದಿಲ್ಲ, ಮಾತಾಡುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಊರಿಗೆ ಅವರಿಂದ ಸಿಗುವುದು ದೂಳು ಮಾತ್ರ.

ಇನ್ನು ಆ ದ್ವೀಪ. ಕಾವೇರಿ ಶಿವನಸಮುದ್ರದಲ್ಲಿ ಎರಡು ಕವಲಾಗಿ ನಡುವೆ ಒಂದು ನೆಲವನ್ನು ಬಿಟ್ಟು ಸಾಗುತ್ತಾಳೆ. ಪಶ್ಚಿಮದ ಕವಲು ಬೀಳುವುದು ಗಗನಚುಕ್ಕಿಯಾಗಿ, ಪೂರ್ವದ್ದು ಭರಚುಕ್ಕಿಯಾಗಿ. ಗಗನಚುಕ್ಕಿಯನ್ನು ಎದುರಿನಿಂದ ನೋಡುವ ಕಟ್ಟೆ ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿದೆ. ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು. ಎರಡು ಜಲಪಾತಗಳನ್ನು ನೋಡಿ ಸೆಲ್ಫಿ ತೆಗೆದುಕೊಂಡು ಹೊರಡುವವರಿಗೆ ನಡುವೆ ಒಂದು ದ್ವೀಪವಿದೆ, ಅದರ ಮೇಲೆ ಜನ ಬಾಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಶ್ರೀರಂಗಪಟ್ಟಣದ ಆದಿರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಈ ಎರಡರ ನಡುವಿನ ಮಧ್ಯರಂಗ ಇರುವುದು ಈ ದ್ವೀಪದಲ್ಲೇ. ಮೂರೂ ಕಾವೇರಿಯ ದ್ವೀಪಗಳೇ. ಸೋಮೇಶ್ವರನ ಗುಡಿಯಿದೆ, ಗಗನಚುಕ್ಕಿಯ ನೆತ್ತಿಯ ಮೇಲೆ ದರ್ಗಾ ಇದೆ. ನದಿ ದಾಟಲು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕಲ್ಲುಕಂಬಗಳ ವೆಸ್ಲಿ ಸೇತುವೆ ಇತ್ತು. 2018ರ ಪ್ರವಾಹ ಅದರ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಉಳಿದ ಕಂಬಗಳ ಮುಂದೆ ಅರ್ಧ ಗಂಟೆ ನಿಲ್ಲಿ, ನದಿಯ ಬಲ ಎಷ್ಟೆಂಬುದು ಯಾವ ಫಲಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಇಲ್ಲಿಯ ವಿದ್ಯುದಾಗಾರದ ಕಥೆಯನ್ನು ನಾನು ಜೊತೆಗೆ ಬಂದವರಿಗೆಲ್ಲ ಹೇಳುತ್ತೇನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ. 1902ರ ಜೂನ್ ಕೊನೆಗೆ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಯಿತು. ಆ ಹೊತ್ತಿಗೆ ಶೇಷಾದ್ರಿ ಅಯ್ಯರ್ ತೀರಿಕೊಂಡಿದ್ದರು. ಬೆಂಗಳೂರಿನಿಂದ ಬಂದವರು ಇದನ್ನು ಕೇಳಿದರೆ ತಮ್ಮ ಊರಿನ ಬೆಳಕಿಗೂ ಈ ನೀರಿಗೂ ಇರುವ ನಂಟು ಮನಸ್ಸಿಗೆ ತಾಗುತ್ತದೆ. ಅದರ ಜೊತೆಗೆ ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಈ ನದಿಯ ನೀರು ಮಳೆಯ ಮಾತನ್ನಷ್ಟೇ ಕೇಳುವುದಿಲ್ಲ, ಮೇಲಿನ ಅಣೆಕಟ್ಟುಗಳ ಗೇಟಿನ ಮಾತನ್ನೂ ಕೇಳುತ್ತದೆ. ಕನ್ನಂಬಾಡಿಯಿಂದ, ಕಬಿನಿಯಿಂದ ಬಿಟ್ಟ ನೀರು ಇಲ್ಲಿಗೆ ತಲುಪಿದಾಗ ತಲೆಯ ಮೇಲೆ ಬಿಸಿಲಿದ್ದರೂ ಮೊಣಕಾಲುದ್ದದ ನೀರು ಎದೆಗೆ ಬರುತ್ತದೆ. ಆಕಾಶ ನೋಡಿ ಇಳಿದವರು ಮೋಸಹೋಗುವುದು ಹೀಗೆ.

ಪ್ರತಿ ವರ್ಷ ಶಿವನಸಮುದ್ರದಲ್ಲೂ ಮುತ್ತತ್ತಿಯಲ್ಲೂ ಸಾವುಗಳಾಗುತ್ತವೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಒಬ್ಬ ಜಾರುತ್ತಾನೆ, ಅವನನ್ನು ಹಿಡಿಯಲು ಇನ್ನಿಬ್ಬರು ಇಳಿಯುತ್ತಾರೆ. ಮೇಲೆ ತೆಳ್ಳಗೆ ಕಾಣುವ ನೀರಿನ ಕೆಳಗೆ ಬಂಡೆಗಳ ಸಂದಿಯಲ್ಲಿ ಆಳವಾದ ಮಡು ಇರುತ್ತದೆ, ಸುಳಿ ಇರುತ್ತದೆ. ಅದು ಯಾವ ಬಂಡೆಯ ಪಕ್ಕ ಎಂಬುದು ಅಲ್ಲೇ ಹುಟ್ಟಿ ಹರಿಗೋಲು ಹಾಕಿದ ಅಂಬಿಗನಿಗೆ, ಬಲೆ ಬೀಸಿದ ಮೀನುಗಾರನಿಗೆ ಗೊತ್ತು. ಅನಾಹುತವಾದ ಮೇಲೆ ಪೊಲೀಸರು ಕರೆಯುವುದೂ ಆ ಜನರನ್ನೇ. ಅವರು ಸುಳಿಗೆ ಇಳಿದು ಹೆಣ ಎತ್ತಿ ದಡಕ್ಕೆ ತರುತ್ತಾರೆ. ಅದೇ ಮನುಷ್ಯನನ್ನು ಬೆಳಗ್ಗೆಯೇ ಕರೆದು, ಒಂದು ದಿನದ ಕೂಲಿ ಕೊಟ್ಟು, ‘ಅಣ್ಣಾ, ನಮ್ಮ ಜೊತೆಗಿರು, ಎಲ್ಲಿಗೆ ಹೋಗಬಹುದು ಎಲ್ಲಿಗೆ ಹೋಗಬಾರದು ಹೇಳು’ ಎಂದಿದ್ದರೆ ಎಷ್ಟು ಮನೆಗಳ ಮಕ್ಕಳು ಉಳಿಯುತ್ತಿದ್ದರು! ಜವಾಬ್ದಾರಿಯ ಪ್ರವಾಸ ಎಂದರೆ ಪ್ಲಾಸ್ಟಿಕ್ ಬಾಟಲಿ ವಾಪಸ್ ಒಯ್ಯುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಬೇಕೇ ಬೇಕು. ಆದರೆ ನನ್ನ ಮಟ್ಟಿಗೆ ಈ ನದಿಯ ದಂಡೆಯಲ್ಲಿ ಅದರ ಮೊದಲ ಪಾಠ ಸ್ಥಳೀಯನೊಬ್ಬನಿಗೆ ಕೂಲಿ ಕೊಟ್ಟು ಅವನ ಮಾತು ಕೇಳುವುದು. ಒಬ್ಬ ಅಂಬಿಗ ಹತ್ತು ಜನರನ್ನು ಕಾಯಬಲ್ಲ. ಮೂವತ್ತು ಜನರನ್ನು ಕಾಯುವುದು ಅವನಿಂದಾಗದು, ಯಾರಿಂದಲೂ ಆಗದು.

ಮುತ್ತತ್ತಿಯ ಮಾತು ಬಂದಿದ್ದರಿಂದ ಇಷ್ಟು ಸೇರಿಸುತ್ತೇನೆ. ಅದು ಕಾವೇರಿ ವನ್ಯಜೀವಿಧಾಮದೊಳಗಿನ ಊರು. ನಮ್ಮ ಭಾಗದ ಎಷ್ಟೋ ಒಕ್ಕಲುಗಳ ಮನೆದೇವರು ಅಲ್ಲಿಯ ಆಂಜನೇಯ. ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟಿದ್ದೂ ಈ ದೇವರ ಹರಕೆಯಿಂದ. ದೇವರಿಗೆ ಬರುವವರು ಅಡುಗೆ ಮಾಡಿ ಉಂಡು ಹೋಗುವುದು ಹಳೆಯ ಪದ್ಧತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಕುಡಿದು ಬಾಟಲಿಯನ್ನು ಬಂಡೆಗೆ ಒಡೆದು ಹೋಗುವವರ ಬಗ್ಗೆ ಇದೆ. ಆ ಗಾಜು ಆನೆಯ ಕಾಲಿಗೂ ಚುಚ್ಚುತ್ತದೆ, ಬಟ್ಟೆ ಒಗೆಯಲು ಬರುವ ಹೆಂಗಸಿನ ಕಾಲಿಗೂ ಚುಚ್ಚುತ್ತದೆ. ಹತ್ತಿರದ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ. ಹಿಂದೆ ಅಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿ, ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಆಟ ನಡೆಯುತ್ತಿತ್ತು. ಅದಕ್ಕೆ ನೆರವಾಗಲು ನೇಮಿಸಿಕೊಂಡವರಲ್ಲಿ ಅಲ್ಲಿಯ ಹಳ್ಳಿಗಳ ಮೀನುಗಾರರೇ ಇದ್ದರು. ನದಿಯನ್ನು ಬಲ್ಲವರಿಗೆ ನದಿಯನ್ನು ಕಾಯುವುದರಿಂದಲೇ ಸಂಬಳ ಸಿಕ್ಕಿತು. ವನ್ಯಜೀವಿಧಾಮದೊಳಗೆ ಗಾಳದ ಆಟ ನಿಂತಿದೆ. ಕಾವೇರಿಯ ಆ ಕಿತ್ತಳೆ ರೆಕ್ಕೆಯ ಮಹಶೀರ್ ಈಗ ಜಗತ್ತಿನಲ್ಲೇ ಅಳಿವಿನ ಅಂಚಿನಲ್ಲಿರುವ ಮೀನುಗಳಲ್ಲಿ ಒಂದು.

ದುಡ್ಡಿನ ಮಾತಿಗೆ ಬರೋಣ. ಇದನ್ನು ಹೇಳಲು ನಮ್ಮ ಜನಕ್ಕೆ ಸಂಕೋಚ, ಆದರೆ ಎಲ್ಲವೂ ನಿಂತಿರುವುದು ಇದರ ಮೇಲೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯ ಎರಡೂ ಬದಿಗೆ ಸರಿದವು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬವರು ಶುರುಮಾಡಿದರೆನ್ನುವ ವಡೆ ಒಂದು ಊರಿಗೇ ಹೆಸರು ತಂದಿತು. ರೈಲು ನಿಲ್ಲುತ್ತಿದ್ದುದರಿಂದ ವಡೆ ಮಾರಾಟವಾಯಿತು, ಆಮೇಲೆ ಬಸ್ಸು ಕಾರು ನಿಲ್ಲುತ್ತಿದ್ದುದರಿಂದ ಹೋಟೆಲುಗಳು ಬದುಕಿದವು. ಈಗ ಕಾರು ನಿಲ್ಲುವುದಿಲ್ಲ. ಹೆದ್ದಾರಿ ಬದಿಯ ಎಳನೀರು, ಕಬ್ಬಿನಹಾಲು, ಬೆಲ್ಲ ಮಾರುತ್ತಿದ್ದವರ ವ್ಯಾಪಾರ ಹೇಗೆ ಕುಸಿಯಿತೆಂದು ಹಳೆಯ ರಸ್ತೆಯಲ್ಲಿ ಒಮ್ಮೆ ಬಂದು ನೋಡಿದರೆ ತಿಳಿಯುತ್ತದೆ. ಹಾಗಿರುವಾಗ ಬೆಂಗಳೂರಿನಲ್ಲೇ ತಿಂಡಿ ಕಟ್ಟಿಸಿಕೊಂಡು, ನೀರಿನ ಬಾಟಲಿ ತುಂಬಿಕೊಂಡು, ಬೆಂಗಳೂರಿನ ಗೈಡನ್ನೇ ಕರೆದುಕೊಂಡು ಬಂದು ಹೋಗುವ ಗುಂಪು ಎಷ್ಟೇ ಚಿಕ್ಕದಾಗಿರಲಿ, ಎಷ್ಟೇ ಶಿಸ್ತಿನದಾಗಿರಲಿ, ಈ ನೆಲಕ್ಕೆ ಏನನ್ನೂ ಕೊಟ್ಟಂತಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇದು. ಹಳೆಯ ಹೆದ್ದಾರಿ ಹಿಡಿಯಿರಿ, ಇಲ್ಲವೇ ರೈಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿಯಿರಿ. ಅಲ್ಲಿಯೇ ತಿಂಡಿ ತಿನ್ನಿ. ಪಕ್ಕದ ಶಿವಪುರದ ಸತ್ಯಾಗ್ರಹ ಸೌಧ ನೋಡಿ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನ ನಡೆದು, ನಿಷೇಧವನ್ನು ಲೆಕ್ಕಿಸದೆ ಬಾವುಟ ಹಾರಿಸಿದ ಜಾಗ ಅದು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಸಾರಿಗೆ ಬಸ್ ಇದೆ, ಹತ್ತು ಜನರಿಗೆ ಗಾಡಿ ಬೇಕೆಂದರೆ ಮದ್ದೂರಿನಲ್ಲೇ ಬಾಡಿಗೆಗೆ ಸಿಗುತ್ತದೆ. ಬಾಡಿಗೆ ಅಲ್ಲಿಯವನಿಗೇ ಹೋಗಲಿ. ಮಧ್ಯಾಹ್ನದ ಊಟವನ್ನು ಹಿಂದಿನ ದಿನವೇ ಹೇಳಿ ಊರಿನ ಮನೆಯೊಂದರಲ್ಲಿ ಮಾಡಿಸಿ. ಮುದ್ದೆ, ಬಸ್ಸಾರು ಅಥವಾ ಉಪ್ಪೆಸರು, ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಪಾರ್ಸೆಲ್ ಊಟಕ್ಕೆ ಕೊಡುವಷ್ಟೇ ದುಡ್ಡನ್ನು ಆ ಮನೆಗೆ ಕೊಡಿ, ಚೌಕಾಸಿ ಬೇಡ. ‘ನೆಂಟರ ಹತ್ತಿರ ದುಡ್ಡು ತಗೊಳ್ಳೋದಾ’ ಎಂದು ಅವರು ಮೊದಲು ಹಿಂಜರಿಯುತ್ತಾರೆ. ಕೊಡುವುದನ್ನು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಮುಜುಗರವಿಲ್ಲ. ಹೊರಡುವಾಗ ಆಲೆಮನೆಯ ಬೆಲ್ಲವನ್ನೋ ಹುಣಸೆಹಣ್ಣನ್ನೋ ಕೊಂಡುಕೊಳ್ಳಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಜಾಗ ಮಳವಳ್ಳಿ ತಾಲ್ಲೂಕಿನ ಕಿರುಗಾವಲು. ಅಲ್ಲಿಯ ರೈತ ಸೈಯದ್ ಘನಿ ಖಾನ್ ಅವರು 800ಕ್ಕೂ ಹೆಚ್ಚು ದೇಸಿ ಭತ್ತದ ತಳಿಗಳನ್ನು ಬೆಳೆದು ಕಾಪಾಡುತ್ತಿದ್ದಾರೆ. ಅವರ ಮನೆತನದ ‘ಬಡಾ ಬಾಗ್’ ಮಾವಿನ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ. ತೋಟದ ಇತಿಹಾಸ ಟಿಪ್ಪುವಿನ ಕಾಲದವರೆಗೆ ಹೋಗುತ್ತದೆ. ಇಂಥಲ್ಲಿಗೆ ಬಸ್ಸು ತುಂಬ ಜನ ಹೋದರೆ ಬದುವಿನ ಮೇಲೆ ನಿಲ್ಲಲೂ ಜಾಗವಿಲ್ಲ. ಹತ್ತು ಜನ ಹೋದರೆ ರೈತ ತೆನೆ ಹಿಡಿದು ತೋರಿಸಬಲ್ಲ, ಕೇಳಿದ್ದಕ್ಕೆ ಉತ್ತರ ಹೇಳಬಲ್ಲ. ಭತ್ತ ನೋಡಲು ನವೆಂಬರ್, ಮಾವಿಗೆ ಮೇ. ಮುಂಚೆಯೇ ತಿಳಿಸಿ ಹೋಗಬೇಕು. ಅವರಿಗೆ ಹೊಲದ ಕೆಲಸವಿರುತ್ತದೆ.

ಆ ಓದುಗರ ಮಗಳು ನೋಡಿಬಂದ ಡೊಮಿನಿಕಾ ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದೆ. ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 185 ಕಿ.ಮೀ. ಉದ್ದದ ಕಾಲುದಾರಿಯನ್ನು 14 ತುಂಡುಗಳಾಗಿ ಮಾಡಿದ್ದಾರೆ. ದಾರಿ ಹಳ್ಳಿಗಳ ಮೂಲಕ ಹೋಗುವುದರಿಂದ ಒಂದು ತುಂಡು ಮುಗಿಸಿದವರು ಅಲ್ಲಿಯ ಮನೆಗಳಲ್ಲಿ ಉಳಿಯಬಹುದು, ಉಣ್ಣಬಹುದು. ಸಾವಿರಾರು ಜನರನ್ನು ಹೊತ್ತು ತಂದು ಸಂಜೆಗೆ ವಾಪಸ್ ಒಯ್ಯುವ ದೊಡ್ಡ ಹಡಗುಗಳೂ ಅಲ್ಲಿಗೆ ಬರುತ್ತವೆ. ಹಡಗಿನಲ್ಲೇ ಉಂಡು ಹಡಗಿನಲ್ಲೇ ಮಲಗುವವರಿಂದ ಹಳ್ಳಿಗೆ ಎಷ್ಟು ಸಿಕ್ಕೀತು? ದೂರದ ಮಾತು ಬೇಡವೆಂದರೆ ಪಕ್ಕದ ಕೇರಳ ನೋಡಿ. 2008ರಲ್ಲಿ ಕುಮರಕಂನಲ್ಲಿ ಶುರುವಾದ ಪ್ರಯೋಗದಲ್ಲಿ ರೆಸಾರ್ಟುಗಳಿಗೆ ಬೇಕಾದ ತರಕಾರಿ, ಮೊಟ್ಟೆ, ಎಳನೀರುಗಳನ್ನು ಊರಿನ ರೈತರಿಂದ, ಕುಟುಂಬಶ್ರೀ ಹೆಂಗಸರ ಗುಂಪುಗಳಿಂದ ಕೊಳ್ಳುವ ಏರ್ಪಾಟಾಯಿತು. ನಮ್ಮಲ್ಲೂ ಪ್ರತಿ ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟಗಳಿವೆ, ಸ್ತ್ರೀಶಕ್ತಿ ಸಂಘಗಳಿವೆ. ಬೆಳ್ಳೂರಿನ, ಶಿವನಸಮುದ್ರದ ಸಂಘದವರಿಗೆ ಊಟದ ವ್ಯವಸ್ಥೆ ವಹಿಸಲು ದೊಡ್ಡ ಯೋಜನೆಯೇನೂ ಬೇಕಿಲ್ಲ.

ಒಂದು ಆಕ್ಷೇಪ ಇದೆ, ಅದನ್ನು ದಾಟಿಕೊಂಡು ಹೋಗುವುದು ಸರಿಯಲ್ಲ. ಚಿಕ್ಕ ಗುಂಪು ಎಂದರೆ ತಲಾ ಖರ್ಚು ಜಾಸ್ತಿ. ಹಾಗಾದರೆ ಹಣವಂತರು ಮಾತ್ರ ನೋಡಬೇಕೇ? ಸರ್ಕಾರಿ ಶಾಲೆಯ ಮಕ್ಕಳು ಒಂದೇ ಬಸ್ಸಿನಲ್ಲಿ ಐವತ್ತು ಜನ ಬರುತ್ತಾರೆ, ಅವರು ಬರಬಾರದೇ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅದುವರೆಗೆ ಜಿಲ್ಲೆ ದಾಟದಿದ್ದ ಎಷ್ಟೋ ಹೆಂಗಸರು ಗುಂಪುಗೂಡಿ ಊರು ನೋಡಲು ಹೊರಟಿದ್ದಾರೆ. ಕೂಲಿ ಮಾಡಿ ಬದುಕುವ ಹೆಣ್ಣುಮಕ್ಕಳು ಗಗನಚುಕ್ಕಿಯ ಎದುರು ನಿಂತು ಕಣ್ತುಂಬ ನೋಡುವುದನ್ನು ಕಂಡಾಗ ನನಗೆ ಆಗುವ ಸಂತೋಷ ದೊಡ್ಡದು. ಅವರೆಲ್ಲ ಬರಲೇಬೇಕು. ಐವತ್ತು ಮಕ್ಕಳು ಬಂದರೆ ಐದು ತಂಡ ಮಾಡಿ, ಒಂದೊಂದು ತಂಡಕ್ಕೆ ಊರಿನ ಒಬ್ಬರನ್ನು ಕೊಟ್ಟು, ಒಂದು ತಂಡ ಮರದ ಕೆಳಗಿದ್ದಾಗ ಇನ್ನೊಂದು ತಂಡ ನದಿಯ ಕಡೆ, ಮತ್ತೊಂದು ಮರಿಗಳ ಆರೈಕೆ ನೋಡಲು ಹೋದರಾಯಿತು. ಬಸ್ಸು ದೊಡ್ಡದಾಗಿರಲಿ, ಮರದ ಕೆಳಗೆ ನಿಲ್ಲುವ ಗುಂಪು ಚಿಕ್ಕದಾಗಿರಲಿ. ರಂಗನತಿಟ್ಟಿನಲ್ಲಿ ಇದು ತಾನಾಗಿಯೇ ನಡೆಯುತ್ತದೆ. ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಆ ನದಿದ್ವೀಪಗಳ ಹತ್ತಿರಕ್ಕೆ ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲಿ ಹಿಡಿಸುವಷ್ಟು ಜನರೇ ಹೋಗಬೇಕು. ಬೆಳ್ಳೂರಿನಲ್ಲಿ ಅಂಥ ದೋಣಿಯಿಲ್ಲದಿರುವುದರಿಂದ ಆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕಾಗಿದೆ.

ಸರ್ಕಾರದವರಿಗೂ ಒಂದು ಮಾತು. ಪ್ರವಾಸೋದ್ಯಮ ಎಂದ ಕೂಡಲೇ ನಮ್ಮಲ್ಲಿ ಕಾಂಕ್ರೀಟ್, ಬಣ್ಣದ ದೀಪ, ಜಲಪಾತೋತ್ಸವದ ವೇದಿಕೆ ನೆನಪಾಗುತ್ತವೆ. ಕನ್ನಂಬಾಡಿಯ ಬಳಿ ಅಮ್ಯೂಸ್‌ಮೆಂಟ್ ಪಾರ್ಕ್ ಮಾಡುವ ಯೋಜನೆಗೆ ನಮ್ಮ ರೈತರು ಯಾಕೆ ತಿರುಗಿಬಿದ್ದರು ಎಂಬುದನ್ನು ಯೋಚಿಸಬೇಕು. ಉತ್ಸವಕ್ಕೆ ಲಕ್ಷ ಜನ ಸೇರಿದರು ಎನ್ನುವುದು ಸಾಧನೆಯ ಲೆಕ್ಕವಾಗಬಾರದು. ಶಿವನಸಮುದ್ರದ ಎಷ್ಟು ಅಂಬಿಗರಿಗೆ ವರ್ಷವಿಡೀ ಕೆಲಸ ಸಿಕ್ಕಿತು, ಬೆಳ್ಳೂರಿನ ಹುಣಸೆಮರದ ಮಾಲೀಕರಿಗೆ ನಷ್ಟ ತುಂಬಿತೇ, ಇದನ್ನು ಲೆಕ್ಕ ಹಾಕಲಿ. ನನಗೆ ತೋಚುವಂತೆ ಮೊದಲು ಆಗಬೇಕಾದ್ದು ಸಣ್ಣ ಕೆಲಸಗಳು. ಬೆಳ್ಳೂರಿನ ಹೊರಗೆ ಗಾಡಿ ನಿಲ್ಲಿಸುವ ಜಾಗ, ಅದರ ಶುಲ್ಕ ಊರಿನ ಸಮಿತಿಗೇ ಸೇರುವಂತೆ ಮತ್ತು ಅದರಿಂದ ಮರದ ಮಾಲೀಕರಿಗೆ ಪಾಲು ಹೋಗುವಂತೆ ಏರ್ಪಾಡು. ಶಿವನಸಮುದ್ರ, ಮುತ್ತತ್ತಿಗಳಲ್ಲಿ ಈಜು ಬಲ್ಲ ಸ್ಥಳೀಯರಿಗೆ ತರಬೇತಿ, ಗುರುತಿನ ಚೀಟಿ, ನಿಗದಿಯಾದ ದಿನಗೂಲಿ. ನೀರು ಬಿಡುವ ಸುದ್ದಿ ಅಣೆಕಟ್ಟಿನಿಂದ ನೇರವಾಗಿ ಇವರ ಫೋನಿಗೆ ಬರುವಂಥ ವ್ಯವಸ್ಥೆ.

ಅದೆಲ್ಲ ಆಗುವವರೆಗೆ ಬರುವವರು ಸುಮ್ಮನೆ ಕಾಯಬೇಕಿಲ್ಲ. ಈ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೆಳ್ಳೂರಿಗೆ ಬರುವ ಯೋಚನೆ ಇದ್ದವರು ಬೆಳಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ಬರುವ ಹಾಗೆ ನೋಡಿಕೊಳ್ಳಿ. ನಡುಹಗಲಿನಲ್ಲಿ ತಾಯಿ ಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಡುತ್ತಿರುತ್ತದೆ, ಆಗ ಅದನ್ನು ಕದಲಿಸಬಾರದು. ಹನ್ನೆರಡಕ್ಕಿಂತ ಹೆಚ್ಚು ಜನರಿದ್ದರೆ ಎರಡು ವಾರಗಳಿಗೆ ಹಂಚಿಕೊಳ್ಳಿ. ಊಟಕ್ಕೆ ಎಷ್ಟು ಜನ ಎಂದು ಮೊದಲೇ ತಿಳಿಸಿ, ತಿಳಿಸಿದ ಮೇಲೆ ಬಾರದೆ ಹೋದರೂ ಊಟದ ದುಡ್ಡು ಕೊಡಿ. ಜಲಪಾತಕ್ಕೆ ಬರುವವರು ಜುಲೈವರೆಗೆ ತಾಳಿ, ಹೊರಡುವ ದಿನ ಬೆಳಗ್ಗೆ ಕನ್ನಂಬಾಡಿ, ಕಬಿನಿಗಳ ಹೊರಹರಿವು ಎಷ್ಟೆಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಹೆಚ್ಚಾಗಿದ್ದರೆ ನೀರಿಗಿಳಿಯುವ ಮಾತನ್ನೇ ಬಿಟ್ಟು, ಕಟ್ಟೆಯ ಮೇಲಿನಿಂದ ನೋಡಿ, ಮಧ್ಯರಂಗನ ಗುಡಿಗೆ ಹೋಗಿ ಬನ್ನಿ.